ಸ್ಟಾರ್ ವಾರ್ಸ್: ಹೊಸಬರಿಗೆ ಯಾವ ಕ್ರಮ? ಸರಣಿ ಹಳ್ಳ ಹಿಡಿದದ್ದು ಎಲ್ಲಿ?

ಎರಡುಸೂರ್ಯ
ಒಂಬತ್ತು ಮುಖ್ಯ ಸಿನಿಮಾ, ಪಕ್ಕಕ್ಕೆ 'ರೋಗ್ ಒನ್' (2016), 'ಸೋಲೋ' (2018), ಮೇಲೊಂದು ರಾಶಿ ಸೀರೀಸ್. ಇವತ್ತು ಮೊದಲ ಸಲ ನೋಡೋಕೆ ಕೂರುವವರಿಗೆ ಯಾವ ಕ್ರಮ ಹೇಳ್ತೀರಿ? ಎರಡನೇ ಪ್ರಶ್ನೆಯನ್ನು ಕಾಲು ಕೆರೆದು ಜಗಳಕ್ಕೆ ಬಂದದ್ದು ಅಂತಲೇ ಇಟ್ಕೊಳ್ಳಿ: ಸರಣಿ ದಾರಿ ತಪ್ಪಿದ್ದು ಎಲ್ಲಿ? 1983ರ ಇವಾಕ್ ಅನ್ನೋ ಕರಡಿಮರಿಯಂಥ ಕಾಡುಜನರಲ್ಲೋ, 1999ರ ತೆರಿಗೆ ತಕರಾರಲ್ಲೋ, 2017ರಲ್ಲೋ, 2019ರಲ್ಲೋ? "ಎಲ್ಲಾ ಸೂಪರ್", "ಎಲ್ಲಾ ಕಸ" ಎರಡೂ ಬೇಡ. ದೃಶ್ಯ ಹಿಡಿದು ಮಾತಾಡಿ. ಕಥೆ ಪೂರ್ತಿ ಬಯಲಾಗುತ್ತೆ, ನೋಡದವರು ಇಲ್ಲೇ ವಾಪಸ್ ಹೋಗಿ.

ಕಪ್ಪುಕವಚ
4, 5. ಆಮೇಲೆ ಟಿವಿ ಆರಿಸಿ ಮಲಗಿ.

ಒಂಬತ್ತೂಬೇಕು
@ಕಪ್ಪುಕವಚ ಐದನೆಯದು ಮುಗಿಯೋ ಹೊತ್ತಿಗೆ ಕಳ್ಳಸಾಗಣೆಗಾರ ಹಾನ್ ಸೋಲೋ ಕಾರ್ಬೊನೈಟ್‌ನಲ್ಲಿ ಹೆಪ್ಪುಗಟ್ಟಿದ್ದಾನೆ, ನಾಯಕ ಲೂಕ್‌ಗೆ ಯಂತ್ರದ ಕೈ ಬಂದಿದೆ, ಒಂದು ಎಳೆಯೂ ಮುಗಿದಿಲ್ಲ. ಅಲ್ಲಿಗೇ ನಿಲ್ಲಿಸಿ ಅನ್ನೋದು ಸಲಹೆಯಲ್ಲ, ಶಿಕ್ಷೆ.

ಬಿಡುಗಡೆಯಾದ ಕ್ರಮವೇ ಸರಿ: 4 (1977), 5 (1980), 6 (1983), ಆಮೇಲೆ 1 (1999), 2 (2002), 3 (2005), ಕೊನೆಗೆ 7, 8, 9 (2015, 2017, 2019). ಹೆಸರಿನ ಅಂಕಿ ನಂಬಿ ಒಂದರಿಂದ ಶುರು ಮಾಡಿದ್ರೆ ಮೂರರಲ್ಲೇ ಕಪ್ಪು ಮುಖವಾಡದ ಖಳ ವೇಡರ್ ಯಾರು ಅಂತ ಗೊತ್ತಾಗಿ, ಐದರ ದೊಡ್ಡ ಏಟು ಠುಸ್ ಆಗುತ್ತೆ. ಯೋಡಾದ್ದೂ ಇದೇ ಕಥೆ. ಐದರಲ್ಲಿ ಜೌಗು ಕಾಡಿನ ತಲೆಹರಟೆ ಮುದುಕ ಲೂಕ್‌ನ ಡಬ್ಬಿ ಕೆದಕಿ, ದೀಪಕ್ಕಾಗಿ ರೋಬೋ ಆರ್2-ಡಿ2 ಜೊತೆ ಕಿತ್ತಾಡ್ತಾನೆ. ಲೂಕ್ ಹುಡುಕ್ತಿರೋ ಮಹಾಗುರು ಇವನೇ ಅಂತ ಪ್ರೇಕ್ಷಕನಿಗೆ ಲೂಕ್ ಜೊತೆಗೇ ಗೊತ್ತಾಗಬೇಕು. ಒಂದನೆಯದನ್ನು ಮೊದಲು ನೋಡಿದವರಿಗೆ ಆ ಆಟವೇ ಇಲ್ಲ.

ಮೌನಿಡ್ರಾಯ್ಡ್
ಮಶೀಟಿ ಕ್ರಮ ಯಾಕೆ ಹೇಳಲಿಲ್ಲ? 4, 5, 2, 3, 6. ವೇಡರ್ ಲೂಕ್‌ಗೆ "ನಾನೇ ನಿನ್ನ ತಂದೆ" ಅಂದ ತಕ್ಷಣ ಎರಡು ಸಿನಿಮಾದ ಫ್ಲ್ಯಾಶ್‌ಬ್ಯಾಕ್, ಆಮೇಲೆ ಆರು. ಆರರ ಶುರುವಲ್ಲಿ ಲೂಕ್ ಕಪ್ಪು ಬಟ್ಟೆಯಲ್ಲಿ ಭೂಗತ ದೊರೆ ಜಬ್ಬಾನ ಅರಮನೆಗೆ ಬಂದು, ಕೈ ಎತ್ತಿ ಕಾವಲುಗಾರರ ಗಂಟಲು ಹಿಚುಕ್ತಾನೆ. ಮೂರನ್ನು ಆಗಷ್ಟೇ ನೋಡಿದವರಿಗೆ ಅಲ್ಲಿ ನಿಜವಾಗಲೂ ಭಯ ಆಗುತ್ತೆ, ಇವನೂ ಅಪ್ಪನ ದಾರಿ ಹಿಡಿದನಾ ಅಂತ. ಬೇರೆ ಯಾವ ಕ್ರಮದಲ್ಲೂ ಆ ದೃಶ್ಯಕ್ಕೆ ಅಷ್ಟು ತೂಕ ಇಲ್ಲ.

ಒಂಬತ್ತೂಬೇಕು
ಆದರೆ ಒಂದನ್ನು ಕೈಬಿಟ್ಟರೆ ಎರಡು ಕುಂಟುತ್ತೆ. ಅನಾಕಿನ್ (ಮುಂದೆ ವೇಡರ್ ಆಗೋ ಹುಡುಗ) ತಾಯಿಯನ್ನು ಗುಲಾಮಗಿರಿಯಲ್ಲೇ ಬಿಟ್ಟು ಹೊರಡೋದು ಒಂದರಲ್ಲಿ. ಎರಡರಲ್ಲಿ ಅವಳು ಮಗನ ಕೈಯಲ್ಲೇ ಸತ್ತಾಗ ಅವನು ಅವಳನ್ನು ಹಿಡಿದಿಟ್ಟಿದ್ದ ಟಸ್ಕನ್ ಮರುಭೂಮಿ ಜನರ ಬಿಡಾರವನ್ನೇ ನಾಶ ಮಾಡ್ತಾನೆ. ಮೊದಲರ್ಧ ನೋಡದವರಿಗೆ ಆ ಸಿಟ್ಟು ಎಲ್ಲಿಂದಲೋ ಉದುರಿದ ಹಾಗಿರುತ್ತೆ.

ಹಳೇರೀಲು
ಕ್ರಮ ಆಮೇಲೆ. ಮೊದಲು ಯಾವ ಆವೃತ್ತಿ ಅಂತ ಕೇಳಿ ಸ್ವಾಮಿ. 1977ರಲ್ಲಿ ಜನ ನೋಡಿದ ಸಿನಿಮಾ ಬೇರೆ, ಈಗ ಸ್ಟ್ರೀಮಿಂಗ್‌ನಲ್ಲಿ ಇರೋದು ಬೇರೆ. ಮುಖ್ಯ ಬದಲಾವಣೆಗಳು ಹೀಗಿವೆ:

1981: ಮೊದಲ ಚಿತ್ರದ ತೇಲುವ ಅಕ್ಷರಗಳಿಗೆ 'ಎಪಿಸೋಡ್ 4, ಎ ನ್ಯೂ ಹೋಪ್' ಸೇರಿತು. 1977ರಲ್ಲಿ ಬರೀ 'ಸ್ಟಾರ್ ವಾರ್ಸ್'.
1997: ಸ್ಪೆಷಲ್ ಎಡಿಷನ್. ಹಾನ್‌ನ ಹಿಡಿಯೋಕೆ ಬಂದ ಗ್ರೀಡೋ ಮೊದಲು ಗುಂಡು ಹಾರಿಸ್ತಾನೆ (ಮೂಲದಲ್ಲಿ ಹಾನ್ ಹಾರಿಸಿದ್ದು), ಗ್ರಹವನ್ನೇ ಪುಡಿ ಮಾಡೋ ಕೋಟೆ ಡೆತ್ ಸ್ಟಾರ್ ಸಿಡಿದಾಗ ಸುತ್ತ ಬೆಂಕಿಯ ಬಳೆ ಏಳುತ್ತೆ.
2004: ಆರರ ಕೊನೆಯಲ್ಲಿ ಪ್ರೇತವಾಗಿ ನಿಂತಿದ್ದ ಮುದಿ ಅನಾಕಿನ್ ಪಾತ್ರಧಾರಿ ಸೆಬಾಸ್ಟಿಯನ್ ಶಾ ಮಾಯ, ಆ ಜಾಗಕ್ಕೆ 2, 3ರ ಅನಾಕಿನ್ ಹೇಡನ್ ಕ್ರಿಸ್ಟೆನ್ಸನ್.
2011: ಚಕ್ರವರ್ತಿಯನ್ನು ಎತ್ತಿ ಎಸೆಯುವಾಗ ವೇಡರ್ ಬಾಯಲ್ಲಿ "ನೋ". ಅಲ್ಲಿಯವರೆಗೆ ಆ ಗಳಿಗೆಯಲ್ಲಿ ಅವನು ತುಟಿ ಬಿಚ್ಚುತ್ತಿರಲಿಲ್ಲ. ಮುಖವಾಡ ಮಗನ ಕಡೆಗೊಮ್ಮೆ, ಚಕ್ರವರ್ತಿಯ ಕಡೆಗೊಮ್ಮೆ ತಿರುಗೋದರಲ್ಲೇ ನಮಗೆಲ್ಲ ಅರ್ಥ ಆಗ್ತಿತ್ತು.
2019: ಗ್ರೀಡೋ ಗುಂಡು ಹಾರಿಸೋ ಮುಂಚೆ "ಮಕ್ಲಂಕಿ" ಅಂತಾನೆ. ಯಾಕೋ, ದೇವರೇ ಬಲ್ಲ.

ಮೂಲ ರೂಪ ಅಧಿಕೃತವಾಗಿ ಡಿವಿಡಿಗೆ ಬಂದದ್ದು 2006ರಲ್ಲಿ, ಅದೂ ಬೋನಸ್ ಡಿಸ್ಕ್ ಆಗಿ. ಬಳಸಿದ್ದು 1993ರ ಲೇಸರ್‌ಡಿಸ್ಕ್ ಮಾಸ್ಟರ್, ಅನಾಮಾರ್ಫಿಕ್ ಕೂಡ ಅಲ್ಲ. ಅಗಲ ಟಿವಿಯಲ್ಲಿ ಹಾಕಿದರೆ ನಾಲ್ಕೂ ಕಡೆ ಕಪ್ಪು ಪಟ್ಟಿ, ನಡುವೆ ಸಣ್ಣ ಚಿತ್ರ. ಇಷ್ಟು ಮಾಡಿದ ಇದೇ ಜಾರ್ಜ್ ಲ್ಯೂಕಸ್ 1988ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ನಿಂತು, ಹಳೆ ಸಿನಿಮಾಗಳನ್ನು ತಿದ್ದೋದು ಸಂಸ್ಕೃತಿಗೆ ಮಾಡೋ ದ್ರೋಹ ಅನ್ನೋ ಧಾಟಿಯಲ್ಲಿ ಸಾಕ್ಷಿ ಹೇಳಿದ್ರು.

ಕಪ್ಪುಕವಚ
ಹಾನ್ ಮೊದಲು ಹೊಡೆದ. ಅಷ್ಟೇ. ಮುಂದೆ ಹೋಗಿ.

ಬಂಡಾಯಗಾರ
ಅದು ಬರೀ ಹಟ ಅಲ್ಲ ಅಂತ ಹೊಸಬರಿಗೆ ಹೇಳಬೇಕು. ಹಾನ್ ಮೇಜಿನ ಕೆಳಗಿಂದ ತಣ್ಣಗೆ ಗುಂಡು ಹಾರಿಸೋ ಸ್ವಾರ್ಥಿ ಆಗಿದ್ರೆ, ಕೊನೆಯಲ್ಲಿ ದುಡ್ಡು ಕಟ್ಟಿಕೊಂಡು ಹೊರಟವನು ವಾಪಸ್ ಬಂದು ಲೂಕ್‌ನ ಬೆನ್ನಿಗಿದ್ದ ವೇಡರ್‌ನನ್ನು ಚದುರಿಸೋದಕ್ಕೆ ಬೆಲೆ. ಮೊದಲೇ ಒಳ್ಳೆಯವನು ಅಂತ ತೋರಿಸಿಬಿಟ್ರೆ ವಾಪಸ್ ಬರದೆ ಇನ್ನೇನು ಮಾಡ್ತಾನೆ?

ಎರಡುಸೂರ್ಯ
@ಹಳೇರೀಲು 1997ರ ತಿದ್ದುಪಡಿಗಳಲ್ಲಿ ಒಳ್ಳೆಯದು ಒಂದೂ ಇಲ್ವಾ?

ಹಳೇರೀಲು
ಇದೆ. ಐದರ ಹಿಮ ಯುದ್ಧ.

ಆಗಿನ ಕಾಲದಲ್ಲಿ ಒಂದು ಶಾಟ್‌ನ ಪ್ರತಿ ಅಂಗವನ್ನೂ ಬೇರೆಬೇರೆ ಫಿಲ್ಮ್‌ನಲ್ಲಿ ತೆಗೆದು, ಆಪ್ಟಿಕಲ್ ಪ್ರಿಂಟರ್‌ನಲ್ಲಿ ಒಂದರ ಮೇಲೊಂದು ಕೂಡಿಸಬೇಕಿತ್ತು. ಬ್ಲೂಸ್ಕ್ರೀನ್ ಮುಂದಿನ ಮಾಡೆಲ್‌ನಿಂದ ಒಂದು ಕಪ್ಪು ಮ್ಯಾಟ್ (ಮಾಡೆಲ್ ಆಕಾರದ ನೆರಳು) ತೆಗೀತಾರೆ, ಹಿನ್ನೆಲೆಯಲ್ಲಿ ಅದೇ ಆಕಾರದ ತೂತು ಬಿಡ್ತಾರೆ, ಆ ತೂತಿಗೆ ಮಾಡೆಲ್ ಕೂರಿಸ್ತಾರೆ. ಎರಡೂ ಕೂದಲೆಳೆಯಷ್ಟು ಹೊಂದದೇ ಇದ್ರೂ ಅಂಚಿನಲ್ಲಿ ಕಪ್ಪು ಗೆರೆ. ಕಪ್ಪು ಆಕಾಶದಲ್ಲಿ ಅದು ಮುಚ್ಚಿಹೋಗುತ್ತೆ. ಹಿಮಗ್ರಹ ಹೋತ್‌ನಲ್ಲಿ ಹಿನ್ನೆಲೆ ಪೂರ್ತಿ ಬಿಳಿ, ಮುಚ್ಚೋಕೆ ಜಾಗವೇ ಇಲ್ಲ. ಗೆರೆ ಎದ್ದು ಕಾಣಬಾರದು ಅಂತ ಮ್ಯಾಟ್‌ನ ಸಾಂದ್ರತೆ ಇಳಿಸಿದ್ರು. ಪರಿಣಾಮ, ಸ್ನೋಸ್ಪೀಡರ್ ಅನ್ನೋ ಸಣ್ಣ ವಿಮಾನದ ಕಾಕ್‌ಪಿಟ್‌ನ ಚೌಕಟ್ಟಿನ ಮೂಲಕ ಹಿಮ ಆರಪಾರ ಕಾಣ್ತಿತ್ತು. 1997ರಲ್ಲಿ ಮೂಲ ತುಣುಕುಗಳನ್ನೇ ತಂದು ಡಿಜಿಟಲ್‌ನಲ್ಲಿ ಹೊಸದಾಗಿ ಕೂಡಿಸಿ ಇದನ್ನು ಸರಿ ಮಾಡಿದ್ರು. ಇದಕ್ಕೆ ನನ್ನ ತಕರಾರಿಲ್ಲ. ಕಥೆಗೆ ಕೈ ಹಾಕಿದ್ದಕ್ಕೆ ತಕರಾರು.

ಅದೇ ಯುದ್ಧದಲ್ಲಿ ಆನೆಯಂಥ ನಾಲ್ಕು ಕಾಲಿನ ಯುದ್ಧಯಂತ್ರ ಎಟಿ-ಎಟಿಗಳನ್ನು ಬಹುಪಾಲು ಶಾಟ್‌ಗಳಲ್ಲಿ ಬ್ಲೂಸ್ಕ್ರೀನ್ ಗೊಡವೆಯೇ ಬೇಡ ಅಂತ ತೆಗೆದ್ರು. ಹಿಂದೆ ಕೈಯಲ್ಲಿ ಬಿಡಿಸಿದ ಪರದೆ, ನೆಲಕ್ಕೆ ಅಡುಗೆ ಸೋಡಾದ ಹಿಮ, ಮಾಡೆಲ್‌ಗೆ ಫಿಲ್ ಟಿಪ್ಪೆಟ್ ತಂಡದ ಸ್ಟಾಪ್‌ಮೋಷನ್. ಅನಿಮೇಟರ್ ಸೆಟ್‌ನ ಕೆಳಗಿನ ಬಾಗಿಲಿಂದ ಮೇಲೆದ್ದು, ಕಾಲನ್ನು ಒಂದಿಷ್ಟು ಸರಿಸಿ, ಮತ್ತೆ ಕೆಳಗಿಳಿಯಬೇಕು, ಆಗ ಒಂದು ಫ್ರೇಮ್. ಸ್ಟಾಪ್‌ಮೋಷನ್‌ನ ತಡವರಿಕೆ ಇಲ್ಲಿ ದೋಷ ಅನ್ನಿಸೋದಿಲ್ಲ, ಯಂತ್ರ ನಡೆಯೋದೇ ಹಾಗಲ್ವಾ.

ಮೌನಿಡ್ರಾಯ್ಡ್
ಮಾಡೆಲ್ ಮಾತು ಬಂತಲ್ಲ, ಮೊದಲ ಚಿತ್ರದ ಡೈಕ್‌ಸ್ಟ್ರಾಫ್ಲೆಕ್ಸ್ ಕ್ಯಾಮೆರಾ ಬಿಡೋ ಹಾಗಿಲ್ಲ. ಹಡಗು ಬಹುತೇಕ ನಿಂತಲ್ಲೇ ಇರುತ್ತೆ, ಹಳಿಯ ಮೇಲೆ ಓಡೋದು ಕ್ಯಾಮೆರಾ. ಆ ಚಲನೆ ದಾಖಲಾಗಿರೋದ್ರಿಂದ ಎಷ್ಟು ಸಲ ಬೇಕಾದ್ರೂ ಚೂರೂ ವ್ಯತ್ಯಾಸವಿಲ್ಲದೆ ಓಡಿಸಬಹುದು: ಒಂದು ಓಟ ಮೈಬೆಳಕಿಗೆ, ಒಂದು ಎಂಜಿನ್ ಹೊಳಪಿಗೆ. ಜೊತೆಗೆ ಎಲ್ಲರೂ ಮೂಲೆಗೆ ಎಸೆದಿದ್ದ ವಿಸ್ಟಾವಿಷನ್ ತಂತ್ರ. ಅದರಲ್ಲಿ ಫಿಲ್ಮ್ ಅಡ್ಡಕ್ಕೆ ಓಡುತ್ತೆ, ಫ್ರೇಮಿಗೆ 8 ತೂತು, ಅಂದ್ರೆ ಮಾಮೂಲಿ ಫ್ರೇಮಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ದೊಡ್ಡ ನೆಗೆಟಿವ್. ಪದೇ ಪದೇ ಪ್ರಿಂಟ್ ಹಾಕಿ ಕೂಡಿಸುವಾಗ ಗ್ರೇನ್ ಹೆಚ್ಚಾಗೋ ಸಮಸ್ಯೆಗೆ ಅದೇ ಮದ್ದು.

ಗುರುತ್ವ
ಎಲ್ಲ ಸರಿ, ಆದ್ರೆ ವ್ಯೋಮದಲ್ಲಿ ಶಬ್ದ ಹೇಗ್ರಪ್ಪಾ?

ಕಿವಿಗೊಟ್ಟು
ಬಂತು ನೋಡಿ ಈ ಪ್ರಶ್ನೆ. ಇದು ಭೌತಶಾಸ್ತ್ರದ ಪಾಠ ಅಲ್ಲ ಸ್ವಾಮಿ, ಎರಡನೇ ಮಹಾಯುದ್ಧದ ವಿಮಾನ ಕಾಳಗ. ಲ್ಯೂಕಸ್ ಹಳೆ ಯುದ್ಧದ ತುಣುಕುಗಳನ್ನೇ ಜೋಡಿಸಿ, ಅದನ್ನು ಮಾದರಿಯಾಗಿ ಕೊಟ್ಟು ಶಾಟ್ ಮಾಡಿಸಿದ್ರು.

ಶಬ್ದದ ಬೆಲೆ ತಿಳಿಯಬೇಕಂದ್ರೆ ಶಬ್ದ ವಿನ್ಯಾಸಕ ಬೆನ್ ಬರ್ಟ್ ಮಾಡಿದ ಕೆಲಸ ಕೇಳಿ. ಸಾಮ್ರಾಜ್ಯದ ಸಣ್ಣ ಯುದ್ಧನೌಕೆ ಟೈ ಫೈಟರ್‌ನ ಕಿರುಚು ಅಂದ್ರೆ ಆನೆಯ ಘೀಳಿಗೆ ಒದ್ದೆ ರಸ್ತೆಯ ಮೇಲೆ ಕಾರು ಹೋಗೋ ಸದ್ದು ಬೆರೆತದ್ದು. ಬೆಳಕಿನ ಕತ್ತಿ ಲೈಟ್‌ಸೇಬರ್‌ನ ಗುಂಯ್‌ಗುಟ್ಟೋದು ಹಳೆ ಪ್ರೊಜೆಕ್ಟರ್ ಮೋಟರು ಮತ್ತು ಟಿವಿ ಪಿಕ್ಚರ್ ಟ್ಯೂಬಿನ ಝೇಂಕಾರ. ಕತ್ತಿ ಬೀಸಿದಾಗ ಸ್ವರ ಏರಿಳಿಯೋದಕ್ಕೆ, ಆ ಸದ್ದನ್ನು ಸ್ಪೀಕರ್‌ನಲ್ಲಿ ಹಾಕಿ ಅದರ ಮುಂದೆ ಮೈಕು ಬೀಸಿ ರೆಕಾರ್ಡ್ ಮಾಡಿದ್ದು. ಬ್ಲಾಸ್ಟರ್ ಬಂದೂಕಿನ ಸದ್ದು ಅಂದ್ರೆ ರೇಡಿಯೋ ಟವರಿನ ಬಿಗಿತಂತಿಗೆ ಸುತ್ತಿಗೆ ಏಟು. ಎಲ್ಲವೂ ನಿಜವಾದ ವಸ್ತುವಿನ ಸದ್ದು, ಅದಕ್ಕೇ ಇನ್ನೂ ಹಳತಾಗಿಲ್ಲ.

ಗುರುತ್ವ
ಶಬ್ದ ಬಿಟ್ಟೆ. ಟೈ ಫೈಟರ್‌ಗೆ ಎರಡು ಅಯಾನ್ ಎಂಜಿನ್ ಅಂತೆ. ನಾಸಾದ ಡೀಪ್ ಸ್ಪೇಸ್ 1 (1998) ನಿಜವಾದ ಅಯಾನ್ ಎಂಜಿನ್ ಹೊತ್ತಿತ್ತು. ಅದರ ಗರಿಷ್ಠ ತಳ್ಳುಬಲ ಸುಮಾರು 0.09 ನ್ಯೂಟನ್, ಅಂಗೈ ಮೇಲಿಟ್ಟ ಎರಡು ಎ4 ಹಾಳೆಯ ಭಾರ. ತಿಂಗಳುಗಟ್ಟಲೆ ಬಿಡದೆ ತಳ್ಳಿದ್ರೆ ವೇಗ ಬರುತ್ತೆ, ಗಿರಕಿ ಹೊಡೆದು ಬಂಡಾಯಗಾರರ ಯುದ್ಧನೌಕೆ ಎಕ್ಸ್-ವಿಂಗ್‌ನ ಅಟ್ಟಿಸಿಕೊಂಡು ಹೋಗೋಕೆ ಆಗಲ್ಲ.

ಅದೇ ರೀತಿ ಎಂಟನೇ ಚಿತ್ರವನ್ನು ಸುಮ್ಮನೆ ಬೈಯೋರಿಗೂ ಒಂದು ಮಾತು. "ಬಾಹ್ಯಾಕಾಶದಲ್ಲಿ ಬಾಂಬ್ ಕೆಳಗೆ ಬೀಳುತ್ತಾ?" ಅಂತ ನಗ್ತಾರೆ. ಹಡಗಿನ ಒಳಗೆ ಕೃತಕ ಗುರುತ್ವ ಇದೆ, ಜನ ನಡೆದಾಡ್ತಾರೆ. ಅಲ್ಲಿ ಬೀಳೋಕೆ ಶುರುವಾದ ಬಾಂಬು ಹೊರಗೆ ಬಂದ ಮೇಲೆ ನಿಲ್ಲೋಕೆ ಕಾರಣವೇ ಇಲ್ಲ, ಅದೇ ವೇಗದಲ್ಲಿ ಹೋಗ್ತಾನೇ ಇರುತ್ತೆ. ನ್ಯೂಟನ್ ನಿಯಮ, ಅಷ್ಟೇ.

ಕಪ್ಪುಕವಚ
ಬಾಂಬ್ ಬಿಡಿ, ಎಂಟರಲ್ಲಿ ದಳಪತಿ ಹೋಲ್ಡೋ ಶತ್ರು ಪಡೆಗೆ ಹಡಗು ನುಗ್ಗಿಸಿದ್ದಕ್ಕೆ ಉತ್ತರ ಹೇಳಿ. ಹೈಪರ್‌ಸ್ಪೇಸ್‌ನಲ್ಲಿ (ಬೆಳಕಿಗಿಂತ ವೇಗದ ಹಾದಿ) ಡಿಕ್ಕಿ ಹೊಡೆದು ಇಡೀ ನೌಕಾಪಡೆ ಸೀಳಬಹುದು ಅಂದ್ರೆ ಡೆತ್ ಸ್ಟಾರ್‌ಗೆ ಯಾಕೆ ಯಾರೂ ಒಂದು ಖಾಲಿ ಹಡಗು ಕಳಿಸಲಿಲ್ಲ?

ಕಿವಿಗೊಟ್ಟು
ಆ ದೃಶ್ಯದಲ್ಲಿ ಹಲವು ಸೆಕೆಂಡು ಪೂರ್ತಿ ನಿಶ್ಶಬ್ದ. ಸ್ಪೀಕರ್ ಕೆಟ್ಟಿಲ್ಲ, ಸಿನಿಮಾನೇ ಹೀಗೆ ಅಂತ ಅಮೆರಿಕದ ಚಿತ್ರಮಂದಿರಗಳಲ್ಲಿ ಬೋರ್ಡ್ ಹಾಕಬೇಕಾಯ್ತು. ನಲವತ್ತು ವರ್ಷ ಗದ್ದಲ ಮಾಡಿದ ಸರಣಿ ಒಮ್ಮೆ ಬಾಯಿ ಮುಚ್ಚಿತು, ಅದಕ್ಕೇ ಮೈ ಜುಮ್ ಅಂದದ್ದು.

ಕಪ್ಪುಕವಚ
ಚೆನ್ನಾಗಿದೆ ಅನ್ನೋದು ಪ್ರಶ್ನೆಗೆ ಉತ್ತರ ಅಲ್ಲ.

ಬಂಡಾಯಗಾರ
ಒಂಬತ್ತರಲ್ಲಿ ಅದನ್ನು "ಹತ್ತು ಲಕ್ಷಕ್ಕೊಂದು ಸಲ ಆಗೋದು" ಅಂತ ಒಂದು ಸಾಲಿನಲ್ಲಿ ತೇಪೆ ಹಾಕಿದ್ರು. ತೇಪೆ ಇನ್ನೂ ಕೆಟ್ಟದಾಗಿ ಕಾಣುತ್ತೆ.

ಸಂಕಲನಪ್ರಿಯ
ಮೂಲ ಪ್ರಶ್ನೆಗೆ ಬರೋಣ. ಸರಣಿ ಕೆಟ್ಟದ್ದಕ್ಕೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಡಿಸ್ನಿಯವರ ಹತ್ತಿರ ಪ್ಲಾನ್ ಇರಲಿಲ್ಲ." 2012ರಲ್ಲಿ 405 ಕೋಟಿ ಡಾಲರ್ ಕೊಟ್ಟು ಕೊಂಡವರು ಮೂರು ಚಿತ್ರದ ಕಥೆ ಮೊದಲೇ ಬರೆಸಲಿಲ್ಲ ಅನ್ನೋದು ನಿಜ. ಆದರೆ ಲ್ಯೂಕಸ್ ಹತ್ತಿರ ಎಲ್ಲಿತ್ತು ಪ್ಲಾನು?

ಲೇಖಕಿ ಲೀ ಬ್ರ್ಯಾಕೆಟ್ 1978ರಲ್ಲಿ ಬರೆದುಕೊಟ್ಟ ಐದರ ಮೊದಲ ಕರಡಿನಲ್ಲಿ ಲೂಕ್‌ನ ಅಪ್ಪ ಪ್ರೇತವಾಗಿ ಬೇರೆಯಾಗಿಯೇ ಬರ್ತಾನೆ, ವೇಡರ್ ಅಪ್ಪ ಅಲ್ಲ. ಅದೇ ವರ್ಷ ಆಕೆ ತೀರಿಕೊಂಡ ಮೇಲೆ ಲ್ಯೂಕಸ್ ಮುಂದಿನ ಕರಡು ಬರೆಯುವಾಗ ವೇಡರ್ ಅಪ್ಪನಾದ. ಗುಟ್ಟು ಬಿಡಬಾರದು ಅಂತ ಶೂಟಿಂಗ್‌ನಲ್ಲಿ ವೇಡರ್ ವೇಷದ ಡೇವಿಡ್ ಪ್ರೌಸ್ ಕೈಗೆ "ಓಬಿ-ವಾನ್ ನಿನ್ನ ಅಪ್ಪನನ್ನು ಕೊಂದ" ಅಂತ ಸುಳ್ಳು ಸಾಲು ಕೊಟ್ರು, ನಿಜವಾದ ಸಾಲು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಧ್ವನಿಯಲ್ಲಿ ಬಂತು.

ಅಂದ್ರೆ ಪ್ಲಾನ್ ಇಲ್ಲದೇ ಇರೋದು ರೋಗ ಅಲ್ಲ. ಹೊಸ ತಿರುವು ಹಿಂದಿನ ಚಿತ್ರಕ್ಕೆ ಏನು ಮಾಡುತ್ತೆ ಅನ್ನೋದನ್ನು ನೋಡಿ. ವೇಡರ್ ಅಪ್ಪ ಅಂತಾದ ಮೇಲೆ ನಾಲ್ಕನೇ ಚಿತ್ರ ಇನ್ನೂ ಆಳವಾಯ್ತು: ಲೂಕ್‌ನ ಗುರು ಓಬಿ-ವಾನ್ ಅಪ್ಪನ ಬಗ್ಗೆ ಹೇಳೋ ಮುಂಚೆ ಒಂದು ಕ್ಷಣ ತಡೆಯೋದು, "ಹುಡುಗನಲ್ಲಿ ಅಪ್ಪನ ಗುಣ ಜಾಸ್ತಿ" ಅಂದಾಗ ಅಂಕಲ್ ಓವೆನ್ "ಅದೇ ನನ್ನ ಭಯ" ಅನ್ನೋದು, ಎಲ್ಲಕ್ಕೂ ಎರಡನೇ ಅರ್ಥ ಬಂತು. ಈಗ ಒಂಬತ್ತು ನೋಡಿ. ನಾಯಕಿ ರೇ ಯಾರ ಮಗಳೂ ಅಲ್ಲ ಅಂತ ಎಂಟು ಹೇಳಿತು, ಅಲ್ಲ ಚಕ್ರವರ್ತಿ ಪಾಲ್ಪಟೀನ್ ಮೊಮ್ಮಗಳು ಅಂತ ಒಂಬತ್ತು ಅಳಿಸಿತು. ಖಳನಾಯಕ ಸ್ನೋಕ್‌ನ ಕೊಂದು ಅವನ ಶಿಷ್ಯ ಕೈಲೋ ರೆನ್‌ನ ಗದ್ದುಗೆಗೇರಿಸಿದ್ದು ಎಂಟು, ಅವನ ಮೇಲೆ ಹಳೇ ಮುದುಕನ ತಂದು ಕೂರಿಸಿದ್ದು ಒಂಬತ್ತು. ರೋಸ್ ಎಂಟರಲ್ಲಿ ಮುಖ್ಯ ಪಾತ್ರ, ಒಂಬತ್ತರಲ್ಲಿ ಒಂದೂವರೆ ನಿಮಿಷವೂ ಇಲ್ಲ. ಹಿಂದಿನದರ ಮೇಲೆ ಕಟ್ಟಿದ್ದು 1980, ಹಿಂದಿನದನ್ನು ಕೆಡವಿದ್ದು 2019.

ಮೌನಿಡ್ರಾಯ್ಡ್
ಅದಕ್ಕಿಂತ ನಗೆಪಾಟಲು: ಪಾಲ್ಪಟೀನ್ ಸೇಡಿನ ಸಂದೇಶ ಇಡೀ ಗ್ಯಾಲಕ್ಸಿಗೆ ಕೇಳಿಸಿತು ಅಂತ ಒಂಬತ್ತರ ಶುರುವಿನ ಅಕ್ಷರಗಳೇ ಹೇಳುತ್ವೆ. ಆ ಸಂದೇಶ ಸಿನಿಮಾದಲ್ಲಿ ಇಲ್ಲ, ಕೇಳಿಸಿದ್ದು 'ಫೋರ್ಟ್‌ನೈಟ್' ಆಟದಲ್ಲಿ. ಸರಣಿಯ ಅತಿ ದೊಡ್ಡ ಖಳ ವಾಪಸ್ ಬಂದ ಸುದ್ದಿಯನ್ನು ವಿಡಿಯೋ ಗೇಮಿಗೆ ಬಿಟ್ಟರು.

ಒಂಬತ್ತೂಬೇಕು
@ಸಂಕಲನಪ್ರಿಯ ವಾದ ಚೆಂದ, ಲೆಕ್ಕ ಏಕಪಕ್ಷೀಯ. ಲ್ಯೂಕಸ್ ಕೆಡವಲಿಲ್ವಾ? ರಾಜಕುಮಾರಿ ಲೇಯಾ ಲೂಕ್‌ನ ತಂಗಿ ಅಂತ ತೀರ್ಮಾನ ಆದದ್ದು ಆರಕ್ಕೆ, ಐದರಲ್ಲಿ ಅವಳೇ ಲೂಕ್‌ಗೆ ತುಟಿಗೆ ಮುತ್ತು ಕೊಟ್ಟಿದ್ದಾಳೆ. ಆರರಲ್ಲಿ ಲೇಯಾ ತಾಯಿಯ ಮುಖ ಅಷ್ಟಿಷ್ಟು ನೆನಪಿದೆ ಅಂತಾಳೆ, ಮೂರರಲ್ಲಿ ಆ ತಾಯಿ ಪದ್ಮೆ ಹೆತ್ತ ಮಂಚದ ಮೇಲೇ ಸಾಯ್ತಾಳೆ. ಎಂಟನ್ನು ಬೈಯೋರೂ ಕೇಳಿ: ಲೂಕ್‌ನ ದ್ವೀಪಕ್ಕೆ ಓಡಿಸಿದ್ದು ಏಳನೇ ಚಿತ್ರ. ಸ್ನೇಹಿತರು ಸಾಯ್ತಿದ್ರೂ ಅವನು ಯಾಕೆ ಬರಲಿಲ್ಲ ಅನ್ನೋದಕ್ಕೆ ಉತ್ತರ ಹುಡುಕೋ ಕರ್ಮ ಎಂಟರ ತಲೆಗೆ ಬಿತ್ತು.

ಸಂಕಲನಪ್ರಿಯ
ಲೇಯಾ ವಿಷಯಕ್ಕೆ ನನ್ನ ಬೆಂಬಲ ಇಲ್ಲ, ಅದು ದುರ್ಬಲ ತಿರುವೇ. ಆದರೆ ಅದು ಒಂದು ಮುತ್ತನ್ನು ಮುಜುಗರ ಮಾಡಿತು. ಪಾಲ್ಪಟೀನ್ ವಾಪಸ್ ಬಂದು ಅನಾಕಿನ್‌ನ ಸಾವನ್ನೇ ದಂಡ ಮಾಡಿದ. ಎರಡೂ ಒಂದೇ ತೂಕ ಅಂತೀರಾ?

ಒಂಬತ್ತೂಬೇಕು
ಅನಾಕಿನ್ ಸತ್ತದ್ದು ಮಗನನ್ನು ಉಳಿಸೋಕೆ. ಮಗ ಉಳಿದ. ದಂಡ ಹೇಗಾಯ್ತು?

ಎರಡುಸೂರ್ಯ
1, 2, 3ರ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಅವಕ್ಕೆ ಈಗ ಅಭಿಮಾನಿಗಳು ಜಾಸ್ತಿ.

ಹಳೇರೀಲು
ಎರಡನೆಯದು ತಾಂತ್ರಿಕವಾಗಿ ಪಾಪದ ಕೂಸು. ಪೂರ್ತಿ ಡಿಜಿಟಲ್ ಕ್ಯಾಮೆರಾದಲ್ಲಿ ಶೂಟ್ ಆದ ಮೊದಮೊದಲ ದೊಡ್ಡ ಚಿತ್ರ ಅದು. ಸೋನಿ ಎಫ್900 ಟೇಪಿಗೆ ಬರೀತಿದ್ದದ್ದು 1440×1080, ಬಣ್ಣದ ಮಾಹಿತಿ ಇನ್ನೂ ಕಡಿಮೆ. ಅಗಲ ಪರದೆಗೆ ಮೇಲೆ ಕೆಳಗೆ ಕತ್ತರಿಸಿದರೆ ಎತ್ತರಕ್ಕೆ ಉಳಿಯೋದು ಸುಮಾರು 800 ಗೆರೆ. ಬಣ್ಣದ ಮಾಹಿತಿ ಕಡಿಮೆ ಇದ್ರೆ ಬ್ಲೂಸ್ಕ್ರೀನ್‌ನಲ್ಲಿ ಕೂದಲಿನ ಅಂಚು ಸರಿಯಾಗಿ ಕತ್ತರಿಸೋಕೆ ಆಗಲ್ಲ, ಅದಕ್ಕೇ ಪಾತ್ರಗಳು ಹಿನ್ನೆಲೆಯ ಮೇಲೆ ಅಂಟಿಸಿದ ಹಾಗೆ ಕಾಣೋದು. ಮೂರಕ್ಕೆ ಎಫ್950 ಬಂತು, ಬಣ್ಣ ಪೂರ್ತಿ ದಾಖಲಾಯ್ತು, ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತೆ. ಎರಡನೆಯದಕ್ಕೆ "4ಕೆ" ಚೀಟಿ ಅಂಟಿಸಿದ ಪ್ರತಿ ಕೊಂಡರೆ ಹಿಗ್ಗಿಸಿದ ಚಿತ್ರ ಸಿಗುತ್ತೆ, ಹೊಸ ವಿವರ ಸಿಗಲ್ಲ.

ಮೌನಿಡ್ರಾಯ್ಡ್
"ಪ್ರೀಕ್ವೆಲ್ (1, 2, 3) ಅಂದ್ರೆ ಬರೀ ಕಂಪ್ಯೂಟರ್" ಅನ್ನೋದೂ ಸುಳ್ಳು. ಒಂದರ ಪಾಡ್‌ರೇಸ್ ಮೈದಾನದ ಪ್ರೇಕ್ಷಕರು ಬಣ್ಣ ಹಚ್ಚಿದ ಕಿವಿಕಡ್ಡಿಗಳು, ಕೆಳಗಿಂದ ಗಾಳಿ ಊದಿ ಅಲ್ಲಾಡಿಸಿದ್ದು. ಮೂರರ ಮುಸ್ತಫಾರ್ ಗ್ರಹದ ಲಾವಾ ಅಂದ್ರೆ ಮಾಡೆಲ್ ಮೇಲೆ ಹರಿಸಿದ ಮೀಥೈಲ್‌ಸೆಲ್ಯುಲೋಸ್ ಲೋಳೆ, ಕೆಳಗಿಂದ ಬೆಳಕು. ಹಿನ್ನೆಲೆಗೆ ಎಟ್ನಾ ಜ್ವಾಲಾಮುಖಿಯ ನಿಜವಾದ ಚಿತ್ರಣ.

ಬಂಡಾಯಗಾರ
ಪ್ರೀಕ್ವೆಲ್‌ಗಳ ಕಥೆ ಚೆನ್ನಾಗಿದೆ, ಮಾತು ಕೆಟ್ಟದಾಗಿದೆ. ಗಣರಾಜ್ಯ ಕೈಯಾರೆ ತನ್ನ ಅಧಿಕಾರವನ್ನು ಒಬ್ಬನಿಗೆ ಒಪ್ಪಿಸೋದು, ಸೆನೆಟ್ ಚಪ್ಪಾಳೆ ತಟ್ಟೋದು, ಇಷ್ಟು ದೊಡ್ಡ ವಿಷಯ ಬೇರೆ ಯಾವ ಭಾಗದಲ್ಲೂ ಇಲ್ಲ. ಆದರೆ ಇಬ್ಬರು ಪ್ರೇಮಿಗಳು ಮರಳಿನ ಬಗ್ಗೆ ಮಾತಾಡ್ತಾ ಕೂತಾಗ ರಿಮೋಟ್ ಹುಡುಕಬೇಕು ಅನ್ನಿಸುತ್ತೆ.

ಕಿವಿಗೊಟ್ಟು
ಒಂದರ ಕೊನೇ ಕಾಳಗದ ಕೋರಸ್ ಸಂಸ್ಕೃತದಲ್ಲಿದೆ, ಗೊತ್ತಾ? ವೆಲ್ಷ್ ಕವಿತೆಯ ಸಾಲನ್ನು ಸಂಸ್ಕೃತಕ್ಕೆ ತಂದು, ಅಕ್ಷರಗಳ ನಾದ ನೋಡಿಕೊಂಡು ಜಾನ್ ವಿಲಿಯಮ್ಸ್ ಹಿಂದೆಮುಂದೆ ಮಾಡಿದ್ರು. ವಿಲಿಯಮ್ಸ್ ಒಂಬತ್ತಕ್ಕೂ ಸಂಗೀತ ಕೊಟ್ಟಿದ್ದಾರೆ, 1977ರಿಂದ 2019. ಬರವಣಿಗೆ ಬಿದ್ದಲ್ಲೆಲ್ಲ ಎತ್ತಿ ನಿಲ್ಲಿಸಿದ್ದು ಅವರೇ. ಇನ್ನೊಂದು: ವೇಡರ್‌ನ ಆ ಪ್ರಸಿದ್ಧ ಮಾರ್ಚ್ ಮೊದಲ ಚಿತ್ರದಲ್ಲಿ ಇಲ್ಲವೇ ಇಲ್ಲ, ಬಂದದ್ದು 1980ರಲ್ಲಿ.

ಕಪ್ಪುಕವಚ
ಮೊದಲ ಚಿತ್ರವನ್ನು ಉಳಿಸಿದ್ದು ಸಂಗೀತವೋ ಸಂಕಲನವೋ?

ಸಂಕಲನಪ್ರಿಯ
ಎರಡೂ, ಆದರೆ ನನ್ನ ಹೆಸರು ನೋಡಿ. ಮೊದಲ ಸಂಕಲನಕಾರರ ಕಟ್ ಪೂರ್ತಿ ಬದಿಗಿಟ್ಟು ಮಾರ್ಷಾ ಲ್ಯೂಕಸ್, ಪಾಲ್ ಹರ್ಷ್, ರಿಚರ್ಡ್ ಚ್ಯೂ ಹೊಸದಾಗಿ ಜೋಡಿಸಿದ್ರು, ಆಸ್ಕರ್ ಗೆದ್ರು. ಸ್ಕ್ರಿಪ್ಟ್‌ನಲ್ಲಿ ಲೂಕ್ ಡೆತ್ ಸ್ಟಾರ್ ಕಂದಕಕ್ಕೆ ಎರಡು ಸಲ ನುಗ್ತಾನೆ. ಸಂಕಲನದಲ್ಲಿ ಅದನ್ನು ಒಂದಕ್ಕೆ ಇಳಿಸಿದ್ರು. ಒಮ್ಮೆ ಗುರಿ ತಪ್ಪಿದವನು ಮತ್ತೊಮ್ಮೆ ಬರೋದಕ್ಕೂ, ಇರೋದೇ ಒಂದು ಅವಕಾಶ ಅನ್ನೋದಕ್ಕೂ ಇರೋ ಬಿಗಿಯೇ ಬೇರೆ.

ಗುರುತ್ವ
ಲೂಕ್ ಗುರಿಯಿಟ್ಟ ಆ 2 ಮೀಟರ್ ಕಿಂಡಿಗೆ 'ರೋಗ್ ಒನ್' ಕೊಟ್ಟ ಕಾರಣ ಒಪ್ತೀರಾ? ವಿನ್ಯಾಸಕ ಬೇಕಂತಲೇ ರಿಯಾಕ್ಟರ್‌ನಲ್ಲಿ ದೋಷ ಬಿಟ್ಟ ಅಂತ.

ಬಂಡಾಯಗಾರ
ಸಿನಿಮಾ ಇಷ್ಟ, ಕಾರಣ ಇಷ್ಟ ಇಲ್ಲ. 1977ರಲ್ಲೇ ಉತ್ತರ ಇತ್ತು. ಒಬ್ಬನೇ ಕೂರೋ ಸಣ್ಣ ಹಡಗಿನಿಂದ ಅಪಾಯ ಬರುತ್ತೆ ಅಂತ ಸಾಮ್ರಾಜ್ಯ ಎಣಿಸಿಯೇ ಇಲ್ಲ, ಎಲ್ಲ ರಕ್ಷಣೆ ದೊಡ್ಡ ಹಡಗುಗಳ ಲೆಕ್ಕದಲ್ಲಿದೆ ಅಂತ ಬಂಡಾಯಗಾರರ ಸಭೆಯಲ್ಲೇ ಹೇಳ್ತಾರೆ. ಅಹಂಕಾರಕ್ಕೆ ಬಿದ್ದ ಏಟನ್ನು ಒಳಸಂಚು ಮಾಡಿ ಸಣ್ಣದಾಗಿಸಿದ್ರು.

ಅದರಿಂದ ಹುಟ್ಟಿದ 'ಆಂಡೋರ್' (2022, 2025) ಮಾತ್ರ ಬಿಡಬೇಡಿ. ಎರಡು ಸೀಸನ್, ತಲಾ 12 ಕಂತು. ಲೈಟ್‌ಸೇಬರ್ ಕಾಳಗ ಒಂದೂ ಇಲ್ಲ. ಗೋಡೆಗೆ ಸುತ್ತಿದ ಎಲ್‌ಇಡಿ ಪರದೆ ನೆಚ್ಚಿಕೊಳ್ಳದೆ ನಿಜವಾದ ಸೆಟ್ ಹಾಕಿದ್ದಾರೆ.

ಮೌನಿಡ್ರಾಯ್ಡ್
ಎಲ್‌ಇಡಿ ಗೋಡೆಯನ್ನು ಸುಮ್ಮನೆ ಹಳಿಯಬೇಡಿ. 'ಮ್ಯಾಂಡಲೋರಿಯನ್' (2019) ನಾಯಕನ ಕವಚ ಕನ್ನಡಿಯಂಥದ್ದು. ಹಸಿರು ಪರದೆ ಮುಂದೆ ನಿಲ್ಲಿಸಿದ್ರೆ ಮೈಯೆಲ್ಲ ಹಸಿರು. ಗೋಡೆಯಲ್ಲಿ ಮರುಭೂಮಿಯೇ ಓಡ್ತಿದ್ರೆ ಕವಚದಲ್ಲಿ ಮರುಭೂಮಿಯೇ ಹೊಳೆಯುತ್ತೆ. ತೊಂದರೆ ಏನಂದ್ರೆ ಆ ಜಾಗ ಸುಮಾರು 23 ಮೀಟರ್ ಅಗಲದ ವೃತ್ತ. ಓಡೋ ದೃಶ್ಯ ಬಂದ್ರೆ ನಾಲ್ಕು ಹೆಜ್ಜೆಗೆ ಗೋಡೆ. ಸೋಮಾರಿ ನಿರ್ದೇಶಕರ ಕೈಯಲ್ಲಿ ಪ್ರತಿ ಗ್ರಹವೂ ಒಂದೇ ಗಾತ್ರದ ಮೈದಾನ.

ಎರಡುಸೂರ್ಯ
ಸರಿ, 4-5-6-1-2-3 ಅಂತ ಇಟ್ಕೊಂಡೆ. 'ರೋಗ್ ಒನ್' ಎಲ್ಲಿ? 'ಕ್ಲೋನ್ ವಾರ್ಸ್' ಅನಿಮೇಷನ್ ಸೀರೀಸಿನ ಏಳು ಸೀಸನ್ ಪೂರ್ತಿ ನೋಡೋ ತಾಳ್ಮೆ ಇಲ್ಲದವರಿಗೆ?

ಒಂಬತ್ತೂಬೇಕು
'ರೋಗ್ ಒನ್' ಆರಾದ ಮೇಲೆ ಯಾವಾಗ ಬೇಕಾದ್ರೂ. ಕಥೆ ನಾಲ್ಕರ ಬಾಗಿಲಿಗೆ ಬಂದು ನಿಲ್ಲುತ್ತೆ ನಿಜ, ಆದರೆ ನಾಲ್ಕಕ್ಕಿಂತ ಮೊದಲು ನೋಡಿದ್ರೆ ವೇಡರ್‌ನ ಆ ಕಾರಿಡಾರ್ ಆರ್ಭಟ ಕಂಡ ಕಣ್ಣಿಗೆ, ಓಬಿ-ವಾನ್ ಜೊತೆಗಿನ 1977ರ ನಿಧಾನದ ಕತ್ತಿವರಸೆ ಸಪ್ಪೆ ಅನ್ನಿಸುತ್ತೆ.

ಮೌನಿಡ್ರಾಯ್ಡ್
'ಕ್ಲೋನ್ ವಾರ್ಸ್'ನಲ್ಲಿ ಕನಿಷ್ಠ 7ನೇ ಸೀಸನ್‌ನ 9ರಿಂದ 12, ಮ್ಯಾಂಡಲೋರ್ ಮುತ್ತಿಗೆಯ ನಾಲ್ಕು ಕಂತು. ಮೂರನೇ ಸಿನಿಮಾ ನಡೆಯೋ ಹೊತ್ತಲ್ಲೇ ನಡೆಯುತ್ತೆ, ಹಾಗಾಗಿ ಮೂರನ್ನು ನೋಡಿದ ಮೇಲೇ ಹಾಕಿ. ಅನಾಕಿನ್‌ನ ಶಿಷ್ಯೆ ಅಸೋಕಾ ಯಾರು ಅಂತ ತಿಳಿಯೋಕೆ 5ನೇ ಸೀಸನ್‌ನ ಕೊನೆಯ ನಾಲ್ಕು ಕಂತು ಮೊದಲು ನೋಡಿಕೊಳ್ಳಿ.

ಕಪ್ಪುಕವಚ
ನಾನು ಹೇಳಿದ್ದು ಎರಡು ಸಿನಿಮಾ. ನೀವು ಹೇಳ್ತಿರೋದು ಒಂದು ಇಡೀ ವರ್ಷದ ಕೆಲಸ.